ಕೊಪ್ಪರಿಗೆಯ ತಳದ ಮನೆ

ನಮ್ಮ ದ್ವೀಪದ ಹೆಸರು ಫೋಗು. ಅಂದರೆ ಬೆಂಕಿ.
ಹೆಸರಿಟ್ಟವರು ಹಡಗಿನಲ್ಲಿ ದೂರ ನಿಂತು ನೋಡಿದವರು;
ಹತ್ತಿರ ಬಂದು ಉಳಿದವರು ನಾವು.
ಊರಿನ ಹೆಸರು ಕೊಪ್ಪರಿಗೆಗಳ ಬಯಲು.
ಕೊಪ್ಪರಿಗೆಯ ತಳದಲ್ಲಿ ಮನೆ ಕಟ್ಟಿ
ಅದರೊಳಗೆ ಇನ್ನೊಂದು ಒಲೆ ಹಚ್ಚುವುದನ್ನು
ಧೈರ್ಯ ಅನ್ನಬೇಕೋ ಅಭ್ಯಾಸ ಅನ್ನಬೇಕೋ
ಎಂದು ಅಜ್ಜಿ ದೊಮಿತಿಲಾಳನ್ನು ಕೇಳಿದರೆ
"ಬಳ್ಳಿ ಸವರಿದೆಯಾ?" ಅನ್ನುತ್ತಾಳೆ.

ಪ್ರಾಯಾದ ಶಾಲೆಯಿಂದ ರಜೆಗೆ ಬಂದಾಗ
ಅವಳಿಗೆ ಪಾಠ ಹೇಳಿದ್ದೆ:
ಕಡಲ ತಳಕ್ಕೂ ಕೆಳಗೆ, ಬಹಳ ಕೆಳಗೆ,
ಕಲ್ಲಿಗೆ ಕಲ್ಲಾಗಿರುವುದೇ ಬೇಸರವಾದ ಜಾಗವೊಂದಿದೆ.
ಅಲ್ಲಿಂದ ಬಿಸಿ ಏಳುತ್ತದೆ,
ಏಳೇಳುತ್ತಾ ತಲೆಯ ಮೇಲಿನ ಹೊರೆ ಇಳಿದು
ಒಂದಿಷ್ಟು ಕರಗುತ್ತದೆ.
ಕರಗಿದ್ದು ಹಗುರ.
ಹಗುರಾದದ್ದು ಸುಮ್ಮನಿರುವುದಿಲ್ಲ, ಅಜ್ಜಿ,
ಬಿರುಕು ಹುಡುಕುತ್ತದೆ, ಸಿಗದಿದ್ದರೆ ತಾನೇ ಸೀಳುತ್ತದೆ.
ಬೆಟ್ಟದ ಹೊಟ್ಟೆಯಲ್ಲಿ ಕೂತು ಕಾಯುತ್ತದೆ
ಎಳೆಪಾಕದ ಹಾಗೆ, ಗಾಳಿಯನ್ನು ಒಳಗೇ ನುಂಗಿಕೊಂಡು.
ಬಿಗಿ ಚೂರು ಸಡಿಲಿದರೆ ಸಾಕು,
ನುಂಗಿದ್ದೆಲ್ಲ ಗುಳ್ಳೆ.
ಗುಳ್ಳೆಗೆ ಜಾಗ ಬೇಕು.
ಜಾಗಕ್ಕೆ ಬೆಟ್ಟ ಅಡ್ಡ.

ಅಜ್ಜಿ ದ್ರಾಕ್ಷಿ ತುಳಿಯುತ್ತಲೇ ಕೇಳಿದಳು,
ಮೊಣಕಾಲವರೆಗೂ ಕೆಂಪು.
"ಹೊಸ ವೈನಿನ ಪೀಪಾಯಿಗೆ ಬಿರಟೆ ಬಿಗಿದರೆ
ಏನಾಗುತ್ತದೆಂದು ನಿಮ್ಮ ಮೇಷ್ಟರಿಗೆ ಗೊತ್ತಾ?
ನಿನ್ನ ಅಜ್ಜನಿಗೆ ಗೊತ್ತಾಗಿದ್ದು
ಹುಬ್ಬು ಒಡೆದ ಮೇಲೆ."

ಅಕ್ಟೋಬರಿನಲ್ಲಿ ಕಪಾಟಿನ ಲೋಟಗಳು
ತಮ್ಮತಮ್ಮಲ್ಲೇ ಮಾತಾಡಿಕೊಂಡವು.
ನವೆಂಬರಿನ ಒಂದು ಭಾನುವಾರ
ಬೆಟ್ಟದ ಪಕ್ಕೆಯಲ್ಲಿ ನೆಲದ ಹೊಲಿಗೆ ಬಿಟ್ಟಿತು.
ಕೆಂಪು, ಮೊದಲು ಗೆರೆ, ಆಮೇಲೆ ಬೇಲಿ,
ಆಮೇಲೆ ನೋಡಲಿಲ್ಲ, ಬೂದಿಯಲ್ಲಿ ಕಣ್ಣು ಉರಿಯುತ್ತಿತ್ತು.

ಓಡಿ ಬರುತ್ತದೆಂದು ಎಲ್ಲರೂ ತಿಳಿದಿದ್ದಾರೆ.
ಇಲ್ಲ. ನಮ್ಮ ಬೀದಿಗೆ ಅದು ನಡೆದು ಬಂತು,
ಗಂಟೆಗೆ ಹತ್ತು ಹೆಜ್ಜೆ,
ಗಾಜಿನ ಚೂರು ತುಂಬಿದ ಚೀಲವನ್ನು
ಯಾರೋ ಎಳೆದು ತರುವ ಸದ್ದು.
ಮೈ ಕಪ್ಪು, ಮುರಿದಲ್ಲಿ ಮಾತ್ರ ಕೆಂಡ.
ಬೆಂಕಿಗೆ ಹೆದರಿ ಓಡಬಹುದು,
ಅದು ಹೀಗೆ ಕಾಯಿಸಿದರೆ ಏನು ಮಾಡುವುದು?
ಅದೆರಿತು ಮಾವ ತನ್ನ ಮನೆಯ ಕಿಟಕಿ ಕಿತ್ತ,
ತಗಡು ಕಿತ್ತ, ಬಾಗಿಲು ಕಿತ್ತ,
ಕಕ್ಕಸಿನ ಬೇಸಿನ್ ಕಿತ್ತು ಕತ್ತೆಯ ಮೇಲೆ ಹೇರಿದ.
ಅಜ್ಜಿಯ ಬಾಗಿಲಿಗೂ ಕೈ ಹಾಕಿದಾಗ ಬೈಸಿಕೊಂಡ.
ಅವಳು ಮನೆ ಗುಡಿಸಿದಳು, ಮೇಜು ಒರೆಸಿದಳು,
ಬೀಗ ಜಡಿದು ಕೀಲಿಯನ್ನು ರವಿಕೆಗೆ ಇಳಿಸಿದಳು.
"ತೆರೆದಿಟ್ಟು ಹೋಗಿ ನನಗೆ ಗೊತ್ತಿಲ್ಲ."

ರಾತ್ರಿಯೆಲ್ಲ ಹಿತ್ತಿಲಲ್ಲಿ ನಿಂತಿತ್ತು ಅದು.
ಬೆಳಗ್ಗೆ ಬೀಗ ಮುಟ್ಟಲಿಲ್ಲ;
ಗೋಡೆಯಿಂದ ಒಳಗೆ ಹೋಯಿತು.

ಆರು ತಿಂಗಳು ಕೆಳಗಿನೂರಿನ ಡೇರೆ.
ಆಮೇಲೆ ಒಂದು ದಿನ ಹೇಳದೆ ಕೇಳದೆ ಹತ್ತಿ ಬಂದಳು,
ಹಿಂದೆ ನಾನು, ಚಪ್ಪಲಿಯ ಅಟ್ಟೆ ಮೆದುವಾಗುತ್ತಿತ್ತು.
ಉಳಿದಿದ್ದ ಒಂದು ಅಂಜೂರದ ಮರದಿಂದ
ಹೆಜ್ಜೆ ಎಣಿಸಿದಳು ಕಪ್ಪು ಕಲ್ಲಿನ ಮೇಲೆ.
"ಇಲ್ಲಿ ಅಡುಗೆಮನೆ. ಇಲ್ಲಿ ನೀರಿನ ತೊಟ್ಟಿ.
ಇತ್ತ ಸರಿ ಮಗಳೇ,
ನನ್ನ ಮಂಚ ತುಳಿಯುತ್ತಿದ್ದೀ."

ಅಲ್ಲೇ ಕಟ್ಟಿದೆವು. ಅದೇ ಕಲ್ಲಿನಿಂದ, ಅದರ ಮೇಲೇ.
ಮೊದಲ ಚಳಿಗಾಲ ನೆಲದಲ್ಲಿ ಬರಿಗಾಲಿಡುವಂತಿಲ್ಲ.
ಬ್ರೆಡ್ಡಿನ ಹಿಟ್ಟನ್ನು ಮೂಲೆಯಲ್ಲಿಟ್ಟರೆ
ಗಳಿಗೆಯಲ್ಲಿ ಉಬ್ಬಿ ಬಟ್ಟೆಯನ್ನು ಎತ್ತುತ್ತಿತ್ತು.
"ನೋಡು, ನಿನ್ನ ಪಾಠ," ಅಂದು
ಬೆರಳಿನಿಂದ ಒಂದು ಗುಳ್ಳೆ ಚುಚ್ಚಿದಳು.

ಮೂರನೆಯ ವರ್ಷ, ಒಂದು ಮುಂಜಾವ,
ನೆಲಕ್ಕೆ ಅಂಗೈ ಊರಿ ಬಹಳ ಹೊತ್ತು ಕೂತಿದ್ದಳು,
ಜ್ವರ ನೋಡುವವಳ ಹಾಗೆ.
ಗೋಡೆಯ ಮೊಳೆಯಲ್ಲಿ ಹಳೆಯ ಕೀಲಿ.
"ಇಳಿಯಿತು," ಅಂದಳು.
ಆಮೇಲೆ ಕಂಬಳಿ ಕೇಳಿದಳು.