ಒಳಗೆ ಹೋದದ್ದು, ಹೊರಗೆ ಬಂದದ್ದು

ನನ್ನ ಕೆಲಸ ಸಗಣಿ ತೂಗುವುದು.
ಮಗಳ ಶಾಲೆಯ ಫಾರಂನಲ್ಲಿ
ಅಪ್ಪನ ಉದ್ಯೋಗ ಎಂಬಲ್ಲಿ ಅವಳು ಬರೆದದ್ದು: ಸಂಶೋಧನೆ.
ತಿದ್ದಲಿಲ್ಲ ನಾನು.

ಶಿವಮೊಗ್ಗದ ಪಶುವೈದ್ಯ ಕಾಲೇಜಿನ ಹಿಂಬದಿ
ಸಿಮೆಂಟು ನೆಲದ ಕೊಟ್ಟಿಗೆಯಲ್ಲಿ ಆರು ಮಲೆನಾಡು ಗಿಡ್ಡ.
ನನ್ನ ಸೊಂಟದೆತ್ತರ. ಕಿವಿಯಲ್ಲಿ ಹಳದಿ ಬಿಲ್ಲೆ.
ಏಳು ಹಗಲು ಏಳು ರಾತ್ರಿ
ತಿಂದದ್ದು, ಬಿಟ್ಟದ್ದು, ಹಾಕಿದ್ದು, ಹೊಯ್ದದ್ದು
ಎಲ್ಲ ಗ್ರಾಮಿನಲ್ಲಿ.
ಬಾಲ ಎತ್ತುವ ಮುಂಚೆ ಅವು ಬೆನ್ನು ಒಂಚೂರು ಉಬ್ಬಿಸುತ್ತವೆ;
ಅಷ್ಟರೊಳಗೆ ಬೋಗುಣಿ ಹಿಡಿದು ಓಡಬೇಕು.
ನೆಲಕ್ಕೆ ಬಿತ್ತೋ, ಲೆಕ್ಕ ಕೆಟ್ಟಿತು.

ಒಳಗೆ ಹೋದದ್ದರಲ್ಲಿ ಹೊರಗೆ ಬಂದದ್ದು ಕಳೆದರೆ
ಉಳಿಯುವುದೇ ಹಸು, ಎನ್ನುತ್ತಾರೆ ಮಿಸ್ರಿಯಾ ಮೇಡಂ.
ತೀರ್ಥಹಳ್ಳಿ ಕಡೆಯವರು, ಪಿಎಚ್‌ಡಿ ಮೂರನೇ ವರ್ಷ,
ರಾತ್ರಿ ಪಾಳಿಗೂ ಬರುತ್ತಾರೆ, ಫ್ಲಾಸ್ಕಿನಲ್ಲಿ ಕಪ್ಪು ಚಹಾ.
ಇಷ್ಟು ಕಡಿಮೆ ತಿಂದು ಇದು ಹೇಗೆ ಬದುಕುತ್ತದೆ
ಎಂಬುದು ಅವರ ಪ್ರಶ್ನೆ.
ನನ್ನ ಅವ್ವನ ಬಗ್ಗೆಯೂ ಯಾರಾದರೂ ಹೀಗೆ ಕೇಳಬಹುದಿತ್ತು.

ಪಕ್ಕದ ಕೋಣೆಯಲ್ಲಿ ದ್ರವ ಸಾರಜನಕದ ಜಾಡಿ.
ಮುಚ್ಚಳ ತೆಗೆದರೆ ಬಿಳಿ ಹೊಗೆ ಕಾಲಬುಡಕ್ಕೆ ಇಳಿಯುತ್ತದೆ.
ಪೊರಕೆಕಡ್ಡಿಯಷ್ಟು ಸಪೂರ ನಳಿಗೆಗಳು,
ಒಂದೊಂದರ ಮೇಲೂ ಹೋರಿಯ ನಂಬರು, ತಾರೀಕು.
ನಮ್ಮಲ್ಲಿ ಹೋರಿಗಳು ಸತ್ತ ಮೇಲೂ ಅಪ್ಪಂದಿರಾಗುತ್ತವೆ.
ಒಂದು ಕರಿಯ ಗಿಡ್ಡ ಹೋರಿ;
ನಾನೇ ಅದರ ಮೂಗುದಾರ ಬಿಚ್ಚಿ ಹೂತವನು.
ಒಂಬತ್ತು ವರ್ಷದ ಮೇಲೆ, ಮೊನ್ನೆ,
ನಾನೂರ ಎರಡರ ಹೊಟ್ಟೆಯಿಂದ ಇಳಿಯಿತು ಅದರ ಕರು,
ಹಣೆಯಲ್ಲಿ ಅದೇ ಬಿಳಿ ಬೊಟ್ಟು.
ಗಿಣ್ಣು ಕುಡಿದು ನನ್ನ ಬೆರಳನ್ನೂ ಚೀಪಿತು.

ನಾನೂರ ಹದಿನೇಳರ ಊರು ಸಂಪೆಕಟ್ಟೆ.
ಕೊಟ್ಟವಳು ಹೊಳಿಯಮ್ಮ.
ಒಂದು ದಿನ ಮೊದಲ ಬಸ್ಸಿಗೆ ಬಂದಳು,
ಸೆರಗಿನಲ್ಲಿ ಏನೋ ಗಂಟು.
"ಕೌಲೀ" ಅಂದಳಷ್ಟೆ.
ಮೂರು ವಾರದಿಂದ ನಂಬರಿಗೆ ಕಿವಿ ಅಲ್ಲಾಡಿಸದ ಹಸು
ಕೊರಳೆತ್ತಿ ಹಗ್ಗ ಜಗ್ಗಿತು.
"ಇದ್ರವ್ವಂಗೆ ಜರ್ಸಿ ಕೊಡಿಸಿದ್ರು ನಮ್ಮನೆಯವ್ರು,
ಹಾಲಿನ ಆಸೆ. ಇದು ಆಗ ವರ್ಷದ ಕಡಸು.
ಕರು ದೊಡ್ದು, ದಾರಿ ಸಣ್ದು.
ಎರಡು ರಾತ್ರಿ ಎಳೆದ್ರು..."
ಮುಂದಿನದು ಹೇಳಲಿಲ್ಲ. ಬೆನ್ನು ಸವರಿದಳು.
ಬೋಗುಣಿ ತೊಳೆಯುವ ನೆಪದಲ್ಲಿ ನಾನು ಆಚೆ ಹೋದೆ.
ಅಷ್ಟು ಹೊತ್ತು ಸಾಕಾಗಿತ್ತು.

ನಾಲ್ಕನೇ ದಿನದ ಸಗಣಿ
ಓವನ್ನಿನಲ್ಲಿ ಒಣಗಿ ಜರಡಿಗೆ ಬಿತ್ತು.
ಚಿಮಟದಲ್ಲಿ ಮೇಡಂ ಎತ್ತಿ ಹಿಡಿದರು:
ಕಂದು, ಚಪ್ಪಟೆ, ನಾಲ್ಕು ಬೀಜ.
"ಕವಳೆ ಹಣ್ಣು. ನಮ್ಮ ಪಟ್ಟಿಯಲ್ಲಿ ಇದಿಲ್ಲ."
ನನ್ನ ಕಡೆ ನೋಡಲಿಲ್ಲ.
ಸಣ್ಣವರಿದ್ದಾಗ ಅವರೂ ತುಟಿ ಅಂಟಂಟಾಗುವಂತೆ ತಿಂದಿರಬೇಕು,
ಇಲ್ಲದಿದ್ದರೆ ಬೀಜ ನೋಡಿ ಹೆಸರು ಹೇಳುವುದು ಹೇಗೆ?

ಕೆಂಪು ಪೆನ್ನಿನಲ್ಲಿ ಒಂದೇ ಗೀಟು:
ನಾನೂರ ಹದಿನೇಳು, ಇಡೀ ವಾರ, ರದ್ದು.
ಆದರೆ ಬೀಜ ಎಸೆಯಲಿಲ್ಲ. ತೂಗಿದರು.
ಪುಸ್ತಕದ ಕೊನೆಯ ಪುಟದಲ್ಲಿ, ಕಾಲಂ ಇಲ್ಲದ ಕಡೆ, ಏನೋ ಬರೆದರು.
ಅವರು ಕೈ ತೊಳೆಯಲು ಹೋದಾಗ ಕದ್ದು ನೋಡಿದೆ:
"ಗುಡ್ಡದಲ್ಲಿ ಬೇರೆ ಏನೇನು ತಿನ್ನುತ್ತದೆ?
ಹೊಳಿಯಮ್ಮನನ್ನು ಕೇಳಬೇಕು."
ಗೇಟಿನ ರಿಜಿಸ್ಟರು ನೋಡಿದ್ದರು, ಹಾಗಾದರೆ.

ಬೆಳಗಿನ ಜಾವ ನಾಲ್ಕೂವರೆ.
ತಕ್ಕಡಿಯನ್ನು ಸೊನ್ನೆಗೆ ತಂದು ನಿಂತಿದ್ದೆ.
ಕೌಲಿ ಬೆನ್ನು ಉಬ್ಬಿಸಿತು.
ಲೆಕ್ಕಕ್ಕಿಲ್ಲದ ಹಸು ಈಗ ಅದು.
ಆದರೂ
ಬೋಗುಣಿ ಹಿಡಿದು ಓಡಿದೆ.