ಹಿಂದಿನ ಶಾಲೆಯ ವರದಿ

ನಾಲ್ಕು ಪುಟದ ಫಾರ್ಮು. ಮೇಲೆ ದೋಹಾದ ಶಾಲೆಯ ಲಾಂಛನ:
ಒಂದು ಗಿಡುಗ, ಅದರ ಕಾಲಲ್ಲಿ ತೆರೆದ ಪುಸ್ತಕ.
"ಹಿಂದಿನ ಶಾಲೆಯ ಮುಖ್ಯಸ್ಥರೇ ತುಂಬಬೇಕಂತೆ ಟೀಚರ್"
ಎಂದಳು ಮಿಸ್ರಿಯಾ.
ಹಿಂದಿನ ಶಾಲೆ ಅಂದರೆ ಇದು:
ಉಪ್ಪಳ ಕೈಕಂಬದಿಂದ ಒಳಗೆ, ಪಂಚಾಯತು ಕೊಟ್ಟ ಒಂದೂವರೆ ಕೋಣೆ,
ಹನ್ನೊಂದು ಮಕ್ಕಳು, ತೂಗುವ ತಕ್ಕಡಿ, ಅಮೃತಂ ಪುಡಿಯ ಡಬ್ಬಿ.
ಮುಖ್ಯಸ್ಥೆ ನಾನು, ಸುಗಂಧಿ.
ಗುಡಿಸುವವಳೂ ಕೆಲವು ದಿನ ನಾನೇ.

ಎರಡನೇ ಹೆರಿಗೆಗೆಂದು ತವರಿಗೆ ಬಂದವಳು
ಇಹ್ಸಾನನನ್ನು ನಾಲ್ಕು ತಿಂಗಳು ನನ್ನ ಚಾಪೆಯಲ್ಲಿ ಕೂರಿಸಿದ್ದಳು.
ಅದೇ ಚಾಪೆ ಅಲ್ಲ, ಅದೇ ಜಾಗ: ಕಿಟಕಿಯ ಕೆಳಗೆ
ಇಪ್ಪತ್ತಾರು ವರ್ಷದ ಹಿಂದೆ ಅವಳು ಉಚ್ಚೆ ಹೊಯ್ದು ಅತ್ತದ್ದು.
ಹೇಳಲಿಲ್ಲ. ಗಂಡ ಇದ್ದ ಪಕ್ಕದಲ್ಲಿ.

ಸಫ್ವಾನನ ಫೋನಿನಲ್ಲಿ ಮೂರು ಶಾಲೆ.
ಬ್ರಿಟಿಷರದ್ದರಲ್ಲಿ ಈಜುಕೊಳ ಉಂಟು,
ಸಂಬಳದ ಮೂರನೇ ಒಂದು ಪಾಲು ಅಲ್ಲಿಗೇ.
ನಮ್ಮವರದ್ದು ಅಗ್ಗ, ಆದರೆ ಒಂದು ಕ್ಲಾಸಿಗೆ ನಲವತ್ತು,
ಮಧ್ಯಾಹ್ನದ ಪಾಳಿ ಸಿಕ್ಕಿದರೆ ಮನೆಗೆ ಬರುವಾಗ ಕತ್ತಲೆ.
ಇನ್ನೊಂದು ಹೊಸತು, ಮರಳಿನ ಮೇಲೆ ಪ್ಲಾಸ್ಟಿಕ್ ಹುಲ್ಲು;
ಬಸ್ಸಲ್ಲಿ ಐವತ್ತು ನಿಮಿಷ.
"ಐವತ್ತು ನಿಮಿಷದಲ್ಲಿ ಮಂಗಳೂರು ಮುಟ್ಟಬಹುದು" ಎಂದಳು ಅವಳು
ಕೂಸನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕುತ್ತ.
"ಹೈವೇ ಕೆಲಸ ಮುಗಿದರೆ" ಎಂದ ಅವನು.
ಇಬ್ಬರೂ ನಗಲಿಲ್ಲ. ಮನೆಯಲ್ಲಿ ಇದು
ಬಹಳ ಸಲ ಆಡಿ ಆಗಿದ್ದ ಮಾತು.

"ನಿಮ್ಮ ಅಭಿಪ್ರಾಯ ಎಂತ ಟೀಚರ್?"
ಈಜುಕೊಳ ನನಗೆ ಗೊತ್ತಿಲ್ಲ. ಒಂದಕ್ಕೆ ಹೋಗಬೇಕು ಅಂತ
ಯಾವ ಭಾಷೆಯಲ್ಲಿ ಹೇಳಿದರೂ ಎದ್ದು ಬರುವವರು
ಎಲ್ಲಿದ್ದಾರೆ ನೋಡಿ, ಎಂದೆ.
ಅವನು ಅದನ್ನೂ ಫೋನಿನಲ್ಲಿ ಬರೆದುಕೊಂಡ, ಫೀಸಿನ ಕೆಳಗೆ.

ಮಗು ಸೂಚನೆಗಳನ್ನು ಪಾಲಿಸುತ್ತದೆಯೇ?
ಗಂಜಿ ಬಂತು ಅಂದರೆ ಪಾಲಿಸುತ್ತದೆ.
ಪೆನ್ಸಿಲ್ ಸರಿಯಾಗಿ ಹಿಡಿಯುತ್ತದೆಯೇ? ಚಮಚ ಹಿಡಿದ ಹಾಗೆ.
ಹಂಚಿಕೊಳ್ಳುತ್ತದೆಯೇ? ಹೆಸರುಕಾಳನ್ನು, ಹೌದು, ಕಾಗೆಗೆ.
ಮೂರು ಗಾಲಿಯ ಸೈಕಲ್ಲು ಯಾರಿಗೂ ಇಲ್ಲ.
ಮನೆಯ ಭಾಷೆ? ಬೆರಳಷ್ಟು ಗೆರೆ ಬಿಟ್ಟಿದ್ದಾರೆ.
ಉಮ್ಮನ ಹತ್ತಿರ ಬ್ಯಾರಿ, ಆಯಾ ಯಮುನಕ್ಕನ ಹತ್ತಿರ ತುಳು,
ನನ್ನ ಹತ್ತಿರ ಕನ್ನಡ, ಬೈಯುವುದಕ್ಕೆ ಮಲಯಾಳ,
ಕಾರ್ಟೂನಿನ ಬೆಕ್ಕಿಗೆ ಮಾತ್ರ ಹಿಂದಿ.
ಮಿಸ್ರಿಯಾ ಬರೆದಳು: ಇತರ.

ನಾನು ಹೇಳಿದ್ದನ್ನೆಲ್ಲ ಅವಳು ಇಂಗ್ಲಿಷಿಗೆ ಇಳಿಸಿದಳು.
ಓದಿ ಹೇಳಿದಾಗ ಚಂದವೇ ಇತ್ತು,
ಯಾರದೋ ಮಗುವಿನ ಹಾಗೆ.
ಕನ್ನಡದಲ್ಲಿ ಸಹಿ ಹಾಕಿ ಪಕ್ಕದಲ್ಲಿ ಮೊಹರು ಒತ್ತಿದೆ.
ಮೊಹರು ಮಲಯಾಳದ್ದು.
"ಆಗ್ತದಾ?" ಎಂದ ಸಫ್ವಾನ್.
ಇರುವುದು ಅದೊಂದೇ.

ಗುರುವಾರ ವೀಡಿಯೊ ಸಂದರ್ಶನ.
ಮನೆಯಲ್ಲಿ ರೇಂಜಿಲ್ಲ ಅಂತ ಇಲ್ಲಿಗೇ ಬಂದರು.
ಅಮೃತಂ ಡಬ್ಬಿಗೆ ಫೋನು ಒರಗಿಸಿದೆವು.
ತೆರೆಯಲ್ಲಿ ಒಬ್ಬಳು ಬಿಳಿ ಹೆಂಗಸು, ತಾಳ್ಮೆಯವಳು,
ಚಿತ್ರ ತೋರಿಸಿದಳು: ಮರಳಲ್ಲಿ ಹುಗಿದು ನಿಲ್ಲಿಸಿದ ಕೊಡೆ,
ಕೆಳಗೆ ಯಾರೂ ಇಲ್ಲ, ಮಳೆಯೂ ಇಲ್ಲ.
"ಕೊಡೆ" ಎಂದ ಇಹ್ಸಾನ್.
ಆಕೆ ನಕ್ಕು ಇನ್ನೊಮ್ಮೆ ಕೇಳಿದಳು.
ಅವನು ಫೋನಿನ ಹಿಂದೆ ನಿಂತಿದ್ದ ನನ್ನನ್ನು ನೋಡಿದ.
ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ಮಗುವಿಗೂ
ಉತ್ತರ ಹೇಳಿಕೊಟ್ಟವಳಲ್ಲ ನಾನು,
ಹೇಳಿಕೊಟ್ಟವರನ್ನು ಗದರಿಸಿದವಳು.
ನನ್ನ ತುಟಿ ಸದ್ದಿಲ್ಲದೆ ಅಂ-ಬ್ರೆ-ಲ ಎಂದಿತು.
ಪಕ್ಕಕ್ಕೆ ನೋಡಿದರೆ ಮಿಸ್ರಿಯಾ, ಸಫ್ವಾನ್, ಯಮುನಕ್ಕನೂ ಸಹ
ಬುಟ್ಟಿಗೆ ಬಿದ್ದ ಮೀನುಗಳ ಹಾಗೆ
ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ.

ಹುಡುಗನಿಗೆ ನಗು ಬಂತು.
ಆಮೇಲೆ ಆಕೆಯ ಮೇಲೆ ಪಾಪ ಅನಿಸಿರಬೇಕು.
ಕಿವಿ ಕೇಳದ ಅಜ್ಜನಿಗೆ ಹೇಳುವ ಹಾಗೆ
ಗಾಜಿಗೆ ಮೂಗು ಒತ್ತಿ, ಬಿಡಿಸಿ ಬಿಡಿಸಿ ಕೂಗಿದ:
ಕೊ-ಡೆ.

ಆಕೆ ತಲೆ ಬಗ್ಗಿಸಿ ಎಂತದೋ ಬರೆದುಕೊಂಡಳು.
ತುಂಬ ಹೊತ್ತು ಬರೆದಳು.