ಆವಕ, ಜಾವಕ

ಬುಡ್ಡೇಸಾಬ ನದಾಫರದು ಇದು ಹತ್ತೊಂಬತ್ತನೇ ಅರ್ಜಿ.
ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂಲ್ಯಾಗ ಟಾಚಣಿ,
ಟಾಚಣಿಗೆ ಸಿಕ್ಕ ಒಂದ ಎಳಿ ಅರಳಿ.
ಗಾದಿ ಹೊಲಿಯೋ ಕೈ ಅದು,
ಎಲ್ಲಿ ಹೋದ್ರೂ ಅರಳಿ ಬೆನ್ನ ಹಿಂದ ಬರತೈತಿ.

ನಾ ಆವಕದ ಬಾಯಿ. ಗದಗ-ಬೆಟಗೇರಿ ನಗರಸಭೆ,
ಜೀನಿ ಬುಡಕಿನ ಟೇಬಲ್ಲು.
ಬಂದದ್ದಕ್ಕ ನಂಬರ್ ಹಾಕಿ ಶಿಕ್ಕಾ ಹೊಡೀತೀನಿ,
ಹೋಗೂದಕ್ಕ ನಂಬರ್ ಹಾಕಿ ಅಂಟು ಹಚ್ಚತೀನಿ.
ನಡುವ ಆಗೂದು ಮ್ಯಾಲಿನ ಮಜಲಾದ ಮಾತು.

ಅವರು ಕೇಳಿದ್ದು ಇಷ್ಟ:
ಓಣಿ ವಾಚನಾಲಯಕ್ಕ ಬೀಗ ಬಿದ್ದು ಆರು ವರ್ಷ ಆತು.
ತಿಂಗಳಾ ಏಳು ಪೇಪರಿನ ಬಿಲ್ ಪಾಸಾಗತೈತಿ.
ಆ ಏಳು ಪೇಪರು ಯಾರ ಮನ್ಯಾಗ ಓದತಾರ?

ಮೊದಲನೇದು ನಾಕು ಪುಟ. ತಿರುಗಿ ಹೋತು:
ಅರ್ಜಿ ನೂರೈವತ್ತು ಶಬ್ದ ಮೀರಬಾರದು.
ಎರಡನೇದಕ್ಕ ಬೆರಳ ಮಡಚಿ ಎಣಿಸಿ ತಂದ್ರು, ನೂರಾ ನಲವತ್ತೆಂಟು.
"ಎರಡ ಶಬ್ದ ಉಳದಾವ್ರೀ ಅಕ್ಕಾರ, ನೀವ ಇಟಗೊಳ್ರಿ."
ಮೂರನೇದು: ಬೀಗ ಒಂದು ವಿಷಯ, ಪತ್ರಿಕೆ ಇನ್ನೊಂದು ವಿಷಯ,
ಒಂದು ಅರ್ಜಿಗೆ ಒಂದೇ ವಿಷಯ.
ಆಮ್ಯಾಲ: ಕಡತ ಲಭ್ಯವಿರುವುದಿಲ್ಲ.
ಆಮ್ಯಾಲ: ಪ್ರಶ್ನಾರ್ಥಕ ಚಿಹ್ನೆ ಇರುವುದರಿಂದ ಇದು ಮಾಹಿತಿಯಲ್ಲ.
ಅವರು ಆ ಕೊಕ್ಕಿ ತಗದು ಚುಕ್ಕಿ ಇಟ್ಟು ತಂದ್ರು.

ಬಿಳೇ ಅಂಗಿ ಒಬ್ಬಾತ ಬರತಾನ, ವರ್ಷಕ್ಕ ಇನ್ನೂರು ಅರ್ಜಿ.
ಟೆಂಡರ್ ನಂಬರ್, ಕಾಂಟ್ರಾಕ್ಟರ್ ಹೆಸರು.
ಮುಂಜಾನೆ ಕೊಟ್ಟದ್ದು ಸಂಜೀಕ ಹಿಂದಕ್ಕ ತಗೋತಾನ,
ಕಿಸೆ ಒಂಚೂರು ಉಬ್ಬಿರತೈತಿ.
ಅವಗ ಮ್ಯಾಲ ಕುರ್ಚಿ, ಗಿರಮಿಟ್ಟು, ಚಾ.
ಅವನ ಮ್ಯಾಲ ಆ ಶಬ್ದ ಯಾರೂ ಬರೀಲಿಲ್ಲ.

ಆ ಶಬ್ದ ಹೋದ ಸೋಮವಾರ ನಾನ ಟೈಪ್ ಮಾಡಿದೆ:
"ಸದರಿ ಅರ್ಜಿದಾರರು ಪದೇ ಪದೇ ಒಂದೇ ಸ್ವರೂಪದ ಅರ್ಜಿ ಸಲ್ಲಿಸಿ
ಕಚೇರಿಗೆ ಕಿರುಕುಳ ನೀಡುವ ಉದ್ದೇಶ ಹೊಂದಿರುವುದು ಕಂಡುಬಂದಿದ್ದು,
ಇನ್ನು ಮುಂದೆ ಸದರಿಯವರ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ."
ಕಿರಿಕುಳ ಅಂತ ಹೊಡದಿದ್ದೆ.
ಸಾಹೇಬ್ರು ಕೆಂಪ ಪೆನ್ನಿಲೆ ತಿದ್ದಿದ್ರು.
ಇಷ್ಟ ವರ್ಷದಾಗ ಆ ಕಡತದಾಗ ಅವರು ಕಣ್ಣಿಟ್ಟು ನೋಡಿದ್ದು
ಅದೊಂದ ಕೊಂಬು.

ನದಾಫರು ಜೀನಿ ಹತ್ರ ನಿಂತ ಓದಿದ್ರು.
ಸಿಟ್ಟಿಗೇಳಲಿಲ್ಲ.
"ಪದೇ ಪದೇ ಅಂದದ್ದು ಖರೇ ಐತ್ರೀ.
ಒಮ್ಮೆ ಬಾರಿಸಿದ್ರ ಅರಳಿ ಬಿಡಂಗಿಲ್ಲ.
ಗಂಟ ಇದ್ದಲ್ಲೇ ಬಾರಿಸಬೇಕು,
ಧೂಳ ಏಳತೈತಿ, ಮನಿಯವರು ಕೆಮ್ಮತಾರ."
ನನ್ನ ಪೆನ್ ಇಸ್ಗೊಂಡು ಬರದ್ರು, ಹದಿನಾರ ಶಬ್ದ:
ಕಛೇರಿಯಾಗ ಕಿರುಕುಳ ಯಾರಿಗೆ ಆತು, ಅವರ ಹೆಸರು,
ಹುದ್ದೆ, ಆದ ದಿನಾಂಕ, ಎಲ್ಲಿ ನೋವಾತು,
ದೃಢೀಕರಿಸಿದ ನಕಲು ಕೊಡಬೇಕು. ಚುಕ್ಕಿ.

ತಗೋಬ್ಯಾಡ ಅಂತ ಹೇಳಿದ್ದಾರ ನನಗ.
ಜವಾನ ಚಾ ತರಾಕ ಹೋಗಿದ್ದ.
ಶಿಕ್ಕಾ ಹೊಡದೆ. ನಾಕು ಸಾವಿರದ ನಾಕುನೂರ ಹದಿನೇಳು.

ಧೈರ್ಯ ಅನಬ್ಯಾಡ್ರಿ.

ನಮ್ಮನಿ ಗಾದಿ ಗಂಟ ಗಂಟ ಆಗೇತಿ.
ರಾತ್ರಿ ಮಗ್ಗಲ ಬದಲಿಸಿ ನಮ್ಮವರು ಗೊಣಗತಾರ,
"ಬೆಟಗೇರಿ ನದಾಫನ್ನ ಕರಸ. ಅರಳಿ ಬಿಡಿಸಿ ಹೊಲದ ಕೊಡತಾನ."
ಹೂಂ ಅಂತೀನಿ, ಮೂರ ವರ್ಷದಿಂದ.
ಕರೀಬಹುದು. ಬಂದ್ರ ಮೊದಲ ಗಾದಿ ಎತ್ತತಾರ.
ಗಾದಿ ಬುಡಕ ಮಂಚದ ತುಂಬ ಹಾಸಿದ ಪೇಪರು,
ಒಂದೊಂದರ ತಲಿ ಮ್ಯಾಲೂ
ಪೇಪರ್ ಹುಡುಗ ಪೆನ್ಸಿಲಿಲೆ ಗೀಚಿದ್ದು:
ವಾಚ.